ಒಂದು ವರ್ಷದ ರಾಣಿ

ಮೊಮ್ಮಗಳು ಬೇಸಿಗೆ ರಜೆಗೆ ಬಂದರೆ ನಮ್ಮ ಮನೆಯ ಟಿ.ವಿ. ರಿಮೋಟು ನನ್ನ ಕೈ ತಪ್ಪುತ್ತದೆ. ಈ ಸಲ ಅವಳು ಎಂಟನೇ ತರಗತಿ ಮುಗಿಸಿ ಬಂದಳು. ರಾತ್ರಿ ಊಟ ಆದಮೇಲೆ ಕಾಲು ಮಡಚಿ ಕೂತು, ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ ಜಪಾನಿನ ಅನಿಮೆ ಹಾಕಿದಳು. ನಾನು ಪೇಪರು ಮಡಚಿಕೊಂಡು ಎದ್ದೆ.

"ಎಲ್ಲಿಗೆ ತಾತ?"

"ನನಗೆ ಆ ಕತ್ತಿ ಯುದ್ಧ, ರೋಬೋಟು ಎಲ್ಲ ಬೇಡಮ್ಮ. ತಲೆನೋವು ಬರುತ್ತೆ."

"ಇದರಲ್ಲಿ ಯುದ್ಧ ಇಲ್ಲ ತಾತ. ಹಳ್ಳಿ ಬಸ್ಸು ನಿಲ್ಲಿಸ್ತಾರೆ ಅಂತ ಅಜ್ಜ ಅಜ್ಜಿಯರು ಜಗಳ ಆಡೋ ಕಥೆ ಬರುತ್ತೆ."

ಕೂತೆ. ಹಳ್ಳಿ ಬಸ್ಸಿನ ಜಗಳ ಅಂದಮೇಲೆ ಹೇಗೆ ಎದ್ದು ಹೋಗಲಿ?

ಹೀಗೆ ಶುರುವಾಗಿ, ಮೂರು ವಾರದಲ್ಲಿ ನಾವಿಬ್ಬರೂ 'ಸಕುರಾ ಕ್ವೆಸ್ಟ್' ಎಂಬ ಧಾರಾವಾಹಿಯ ಇಪ್ಪತ್ತೈದೂ ಕಂತು ನೋಡಿ ಮುಗಿಸಿದೆವು. ಇದು ಜಪಾನಿನಲ್ಲಿ 2017ರಲ್ಲಿ ಪ್ರಸಾರವಾದದ್ದು. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ನನ್ನ ಕಣ್ಣಿಗೆ ಅಷ್ಟು ಬೇಗ ಓದಲು ಆಗದು. ಮೊಮ್ಮಗಳೇ ಕನ್ನಡದಲ್ಲಿ ಹೇಳುತ್ತಾ ಹೋದಳು. ಅವಳಿಗೆ ಬೇಸರವಾದ ಕಡೆ ನಾಲ್ಕು ಮಾತಿಗೆ ಒಂದು ಮಾತು ಹೇಳುತ್ತಿದ್ದಳು ಎಂಬ ಅನುಮಾನ ನನಗೆ ಈಗಲೂ ಇದೆ.

ಕಥೆಯ ನಾಯಕಿ ಕೊಹಾರು ಯೋಶಿನೊ. ಇಪ್ಪತ್ತು ವರ್ಷ. ಕಡಲ ತೀರದ ಸಣ್ಣ ಊರಿನಿಂದ ಓದಲು ಟೋಕಿಯೊಗೆ ಬಂದವಳು. ಮೂವತ್ತಕ್ಕೂ ಹೆಚ್ಚು ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಎಲ್ಲ ಕಡೆಯಿಂದಲೂ 'ಇಲ್ಲ'. ಊರಿಗೆ ವಾಪಸು ಹೋಗಲು ಮಾತ್ರ ಮನಸ್ಸಿಲ್ಲ. ಅಲ್ಲಿ ಏನೂ ಇಲ್ಲ ಎಂದು ಅವಳ ಲೆಕ್ಕ. ಅಷ್ಟರಲ್ಲಿ ಮನೋಯಾಮ ಎಂಬ ಬೆಟ್ಟದ ಊರಿನಿಂದ ಒಂದು ಕರೆ: ನಮ್ಮ ಊರಿನ ರಾಣಿಯಾಗಿ ಬನ್ನಿ! ಒಂದು ದಿನದ ಕೆಲಸ, ಕಿರೀಟ ತೊಟ್ಟು ಕೈ ಬೀಸಿ ಬಂದರಾಯಿತು ಎಂದುಕೊಂಡು ಹೋಗುತ್ತಾಳೆ. ಹೋಗಿ ನೋಡಿದರೆ ಒಪ್ಪಂದದಲ್ಲಿ ಬರೆದಿರುವುದು ಒಂದು ದಿನವಲ್ಲ, ಒಂದು ವರ್ಷ. ಮಕ್ಕಳೇ, ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಿ ಎಂದು ನಿಮ್ಮ ಅಪ್ಪ ಅಮ್ಮ ಹೇಳುವುದು ಸುಮ್ಮನೆ ಅಲ್ಲ.

ಆ ಊರಿನವರಿಗೂ ಒಂದು ಆಘಾತ ಕಾದಿತ್ತು. ಅವರು ಕರೆಯಬೇಕೆಂದಿದ್ದದ್ದು ತ್ಸುಬಾಕಿ ಎಂಬ ಹಳೆಯ ಕಾಲದ ತಾರೆಯನ್ನು. ಯೋಶಿನೊಳ ಮನೆತನದ ಹೆಸರು ಕೊಹಾರು. ಜಪಾನಿಯಲ್ಲಿ ಅದನ್ನು 'ಮರ' ಮತ್ತು 'ವಸಂತ' ಎಂಬ ಎರಡು ಅಕ್ಷರಗಳಿಂದ ಬರೆಯುತ್ತಾರೆ. ಆ ಎರಡನ್ನೂ ಒತ್ತಿ ಒಂದೇ ಅಕ್ಷರ ಮಾಡಿದರೆ ಅದು 'ತ್ಸುಬಾಕಿ' ಎಂಬ ಹೂವಿನ ಹೆಸರಾಗುತ್ತದೆ! ನಮ್ಮಲ್ಲಿ ಒಂದು ಸೊನ್ನೆ, ಒಂದು ದೀರ್ಘ ತಪ್ಪಿದರೆ ಲಗ್ನಪತ್ರಿಕೆಯೇ ಕೆಡುವುದಿಲ್ಲವೇ, ಹಾಗೆ. ಕಾಗುಣಿತದ ಈ ವಿಷಯ ಕೇಳಿ ನನ್ನ ಹೆಂಡತಿಯೂ ಅಡುಗೆಮನೆಯಿಂದ ಬಂದು ಕೂತಳು.

ಇನ್ನು ರಾಜ್ಯದ ವಿಚಾರ. ಅದರ ಹೆಸರು 'ಚುಪಕಬುರ ರಾಜ್ಯ'. ಚುಪಕಾಬ್ರ ಎನ್ನುವುದು ಆಡುಮೇಕೆಗಳ ರಕ್ತ ಹೀರುತ್ತದೆ ಎಂದು ಅಮೆರಿಕ ಖಂಡದ ಕಡೆ ಜನ ಹೇಳುವ ಒಂದು ಕಟ್ಟುಕಥೆಯ ಪ್ರಾಣಿ. 'ಕಬುರ' ಎಂದರೆ ಜಪಾನಿಯಲ್ಲಿ ಟರ್ನಿಪ್ ಗೆಡ್ಡೆ. ಗೆಡ್ಡೆಗೂ ಭೂತಕ್ಕೂ ಗಂಟು ಹಾಕಿ ಪ್ರವಾಸಿಗರನ್ನು ಸೆಳೆಯುವ ಉಪಾಯ. ಹುಚ್ಚಾಟ ಅನ್ನಿಸುತ್ತದೆ ಅಲ್ಲವೇ? ಆದರೆ ಇಂಥವು ಜಪಾನಿನಲ್ಲಿ ನಿಜವಾಗಿಯೂ ಇದ್ದವು. 1981ರಲ್ಲಿ ಇನೋಯೆ ಹಿಸಾಶಿ ಎಂಬ ಲೇಖಕರು, ಈಶಾನ್ಯ ಜಪಾನಿನ ಒಂದು ಹಳ್ಳಿ ದೇಶದಿಂದ ಬೇರೆಯಾಗಿ ಸ್ವತಂತ್ರವಾಗುವ ತಮಾಷೆಯ ದೊಡ್ಡ ಕಾದಂಬರಿ ಬರೆದರು. ಅದು ಎಷ್ಟು ಜನಪ್ರಿಯವಾಯಿತೆಂದರೆ, ಆ ದಶಕದಲ್ಲಿ ಎಷ್ಟೋ ಸಣ್ಣ ಊರುಗಳು ತಮಾಷೆಗೆ ತಾವೂ 'ರಾಜ್ಯ' ಎಂದು ಸಾರಿಕೊಂಡವು. ರಾಜ, ಮಂತ್ರಿ, ಆಟದ ಪಾಸ್‌ಪೋರ್ಟು ಎಲ್ಲ ಮಾಡಿಕೊಂಡವು. ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದ್ದ ಕಾಲ, ಪ್ರವಾಸಿಗರೂ ಬಂದರು. ಆಮೇಲೆ ದುಡ್ಡು ಕಡಿಮೆಯಾಯಿತು, ಹೊಸತನವೂ ಹೋಯಿತು, ರಾಜ್ಯಗಳು ಒಂದೊಂದಾಗಿ ಬಾಗಿಲು ಹಾಕಿದವು. ಮನೋಯಾಮ ಕಲ್ಪನೆಯ ಊರು. ಬಾಗಿಲು ಹಾಕಲು ಮರೆತ ರಾಜ್ಯ ಎನ್ನಬಹುದು. ರಾಜ ಉಶಿಮತ್ಸು ಎಂಬ ಮುದುಕ, ಪ್ರವಾಸೋದ್ಯಮ ಮಂಡಳಿಯ ಮುಖ್ಯಸ್ಥ. ಗುಡುಗಿನಂಥ ದನಿ, ಮಗುವಿನಂಥ ಹಟ. ನನ್ನ ಹೆಂಡತಿ ಅವನನ್ನು ನೋಡಿ ಒಮ್ಮೆ, ನನ್ನ ಕಡೆ ನೋಡಿ ಒಮ್ಮೆ ನಕ್ಕಳು. ಕಾರಣ ನಾನು ಕೇಳಲಿಲ್ಲ.

ರಾಣಿಯ ಮೊದಲ ಕೆಲಸ ಮಂಜು ಮಾರುವುದು. ಹಿಮ ಅಂದುಕೊಳ್ಳಬೇಡಿ, 'ಮಂಜು' ಎಂದರೆ ಒಳಗೆ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಅವರ ತಿಂಡಿ. ನಮ್ಮ ಕಡುಬಿಗೆ ದೂರದ ನೆಂಟ. ಚುಪಕಬುರ ಮಂಜು ಒಂದು ಸಾವಿರ ಪೆಟ್ಟಿಗೆ! ಯಾರೂ ಕೊಳ್ಳುವುದಿಲ್ಲ. ಪೆಟ್ಟಿಗೆಗಳು ಗೋಡೆಯ ಹಾಗೆ ಉಳಿದುಬಿಡುತ್ತವೆ.

ಅವಳ ಜೊತೆಗೆ ನಾಲ್ವರು ಹುಡುಗಿಯರು ಸೇರುತ್ತಾರೆ, ಐವರೂ ಒಂದೇ ಮನೆಯಲ್ಲಿ ಇರುತ್ತಾರೆ. ಶಿಯೋರಿ ಅಲ್ಲಿಯೇ ಹುಟ್ಟಿ ಬೆಳೆದವಳು, ಊರೆಂದರೆ ಪ್ರಾಣ. ಮಾಕಿಯೂ ಅದೇ ಊರಿನವಳು. ನಟಿಯಾಗಲು ಟೋಕಿಯೊಗೆ ಹೋಗಿ, ಆಗದೆ, ಅಪ್ಪನಿಗೆ ಮುಖ ತೋರಿಸಲಾರದೆ ಬಂದವಳು. ಸನಾಯೆ ರಾಜಧಾನಿಯ ಕಂಪ್ಯೂಟರ್ ಕೆಲಸ ಬಿಟ್ಟು ಹಳ್ಳಿಗೆ ಬಂದಿದ್ದಾಳೆ, ಆದರೆ ಹುಳುಹುಪ್ಪಟೆ ಕಂಡರೆ ಕಿರುಚುತ್ತಾಳೆ. ರಿರಿಕೊ ಅಂಗಡಿ ಚಿತೋಸೆ ಅಜ್ಜಿಯ ಮೊಮ್ಮಗಳು, ಮಾತೇ ಆಡದ ಹುಡುಗಿ. ಈ ಚಿತೋಸೆ ಅಜ್ಜಿ ವರ್ತಕರ ಸಂಘದ ಮುಖ್ಯಸ್ಥೆ. ರಾಜ ಉಶಿಮತ್ಸು ಎಂದರೆ ಆಗದು. ಯಾಕೆ ಆಗದು ಎನ್ನುವುದಕ್ಕೆ ಸುಮಾರು ಐವತ್ತು ವರ್ಷದ ಹಿಂದಿನ ಒಂದು ಕಥೆ ಇದೆ. ನೀವೇ ನೋಡುವುದು ಚೆನ್ನ, ನಾನು ಹೇಳಿ ಕೆಡಿಸುವುದಿಲ್ಲ.

ಮುಂದಿನ ಎಷ್ಟೋ ಕಂತುಗಳು ಈ ಐವರ ಸೋಲಿನ ಕಥೆಗಳು. ನನಗೆ ಇಷ್ಟವಾದದ್ದು ಅದೇ. ಒಂದು ಸಲ ಸಿನಿಮಾದವರು ಬರುತ್ತಾರೆ. ಅವರಿಗೆ ಸುಡಲು ಒಂದು ಪಾಳುಮನೆ ಬೇಕು. ಊರಲ್ಲಿ ಖಾಲಿ ಮನೆಗಳಿಗೇನು ಬರ! ಆದರೆ ಅವರು ಆರಿಸಿದ ಮನೆಯಲ್ಲಿ ಹಿಂದೆ ಇದ್ದ ಅಜ್ಜಿ ಶಿಯೋರಿಯನ್ನು ಚಿಕ್ಕಂದಿನಲ್ಲಿ ಮುದ್ದಿನಿಂದ ನೋಡಿಕೊಂಡವಳು. ಎಲ್ಲರ ಮಾತಿಗೂ ನಗುತ್ತಾ 'ಆಗಲಿ' ಎನ್ನುವ ಶಿಯೋರಿ ಆ ಮನೆಯ ಮಾತು ಬಂದಾಗ ಸುಳ್ಳು ಹೇಳಿಯಾದರೂ ತಡೆಯಲು ನೋಡುತ್ತಾಳೆ. ಕೊನೆಗೆ ಅವಳೇ ಒಪ್ಪುತ್ತಾಳೆ, ಮನೆ ಉರಿಯುತ್ತದೆ. ನಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ಮುಂದಿನ ಕಂತು ಹಾಕು ಎನ್ನಲಿಲ್ಲ.

ಇನ್ನೊಂದು ಸಲ ಟಿ.ವಿ.ಯವರು ದೊಡ್ಡ ಹಾಡುಗಾರರ ತಂಡ ಕರೆಸುತ್ತಾರೆ. ಊರ ತುಂಬ ಜನವೋ ಜನ. ಈಗ ಊರು ಉದ್ಧಾರವಾಯಿತು ಎಂದುಕೊಂಡು ಯೋಶಿನೊ ಅಂಗಡಿಗಳಲ್ಲಿ ರಿಯಾಯಿತಿ ಸಿಗುವ ಚೀಟಿಗಳನ್ನೂ ಹಂಚುತ್ತಾಳೆ. ಹಾಡು ಮುಗಿಯಿತು, ಜನ ಹೋದರು. ಆಮೇಲೆ ಚೀಟಿ ಹಿಡಿದು ಅಂಗಡಿಗೆ ಬಂದವರನ್ನು ಹುಡುಕಬೇಕು. ಅವರು ಬಂದದ್ದು ಹಾಡಿಗೆ, ಊರಿಗಲ್ಲ. ಯೋಶಿನೊ ಆಗ ಸೋತು ತನ್ನ ತವರೂರಿಗೆ ಹೋಗುತ್ತಾಳೆ. ಏನೂ ಇಲ್ಲ ಎಂದು ತಾನು ಬಿಟ್ಟುಬಂದಿದ್ದ ಆ ಊರಲ್ಲಿ ಹಬ್ಬ ನಡೆಯುತ್ತಿರುತ್ತದೆ. ಮೊದಲ ಸಲ ನೋಡುವವಳ ಹಾಗೆ ಅದನ್ನು ನೋಡುತ್ತಾಳೆ.

ಇಷ್ಟು ಹೊತ್ತಿಗೆ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. "ತಾತ, ಊರುಗಳು ನಿಜವಾಗಿ ಖಾಲಿ ಆಗ್ತಾವಾ?"

ಜಪಾನಿನಲ್ಲಿ ಆಗುತ್ತಿವೆ. ಅಲ್ಲಿನ ಒಟ್ಟು ಜನಸಂಖ್ಯೆ 2008ರ ಹೊತ್ತಿಗೆ ಸುಮಾರು 12 ಕೋಟಿ 80 ಲಕ್ಷ ಮುಟ್ಟಿ, ಆಮೇಲೆ ಇಳಿಯಲು ಶುರುವಾಯಿತು. ಮಕ್ಕಳು ಹುಟ್ಟುವುದು ಕಡಿಮೆ, ಹುಟ್ಟಿದವರು ಓದಿ ಟೋಕಿಯೊ ಸೇರುವುದು ಹೆಚ್ಚು. 2014ರಲ್ಲಿ, ಹಿಂದೆ ಮಂತ್ರಿಯಾಗಿದ್ದ ಮಸುದ ಹಿರೋಯ ಅವರ ಮುಂದಾಳತ್ವದ ತಂಡವೊಂದು ವರದಿ ಕೊಟ್ಟಿತು: ಹೀಗೇ ಹೋದರೆ 2040ರ ಹೊತ್ತಿಗೆ 896 ಊರು ಪಟ್ಟಣಗಳ ಆಡಳಿತಗಳು ಇಲ್ಲವಾಗುವ ಅಂಚಿಗೆ ಬರುತ್ತವೆ. ಲೆಕ್ಕ ಹಾಕಿದ್ದು ಹೇಗೆ ಗೊತ್ತೇ? ಊರಲ್ಲಿರುವ ಇಪ್ಪತ್ತರಿಂದ ಮೂವತ್ತೊಂಬತ್ತು ವರ್ಷದ ಹೆಣ್ಣುಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆಯೇ ಎಂದು ನೋಡಿ. ವರದಿಯಲ್ಲಿ ಊರುಗಳ ಹೆಸರನ್ನೂ ಪಟ್ಟಿ ಮಾಡಿದ್ದರು. ನಿಮ್ಮ ಊರಿನ ಹೆಸರು ಅಂಥ ಪಟ್ಟಿಯಲ್ಲಿದೆ ಎಂದು ಬೆಳಗಿನ ಪತ್ರಿಕೆಯಲ್ಲಿ ಓದುವುದನ್ನು ಸ್ವಲ್ಪ ಊಹಿಸಿಕೊಳ್ಳಿ. ಮೂರು ವರ್ಷದ ನಂತರ ಬಂದ ಈ ಧಾರಾವಾಹಿಯಲ್ಲಿ ಐವರೂ ನಾಯಕಿಯರು ಆ ವಯಸ್ಸಿನ ಆಸುಪಾಸಿನ ಹುಡುಗಿಯರೇ ಆಗಿರುವುದು ನನಗೆ ಆಮೇಲೆ ಹೊಳೆಯಿತು.

ಈಗ ಬಸ್ಸಿನ ಕಥೆಗೆ ಬರುತ್ತೇನೆ. ಇದಕ್ಕಾಗಿಯೇ ನಾನು ಕೂತಿದ್ದು.

ಮನೋಯಾಮದಿಂದ ಇನ್ನೂ ಮೇಲಕ್ಕೆ, ಬೆಟ್ಟದಲ್ಲಿ ಒಂದು ಪುಟ್ಟ ಹಳ್ಳಿ. ಇರುವವರೆಲ್ಲ ಮುದುಕರು. ಜಾನಪದ ಅಧ್ಯಯನ ಮಾಡುವ ಒಬ್ಬ ಪ್ರೊಫೆಸರೂ ಅಲ್ಲೇ ಇದ್ದಾರೆ, ಅವರಿಗೂ ವಯಸ್ಸಾಗಿದೆ. ಹಬ್ಬದ ಹಳೆಯ ಸಾಮಾನು ಹುಡುಕಿಕೊಂಡು ಹುಡುಗಿಯರು ಅಲ್ಲಿಗೆ ಹೋಗುತ್ತಾರೆ. ಕಂಪ್ಯೂಟರಿನ ಸನಾಯೆ ಅಲ್ಲಿನವರಿಗೆ ಇಂಟರ್ನೆಟ್ ಬಳಸುವುದು ಕಲಿಸುತ್ತಾಳೆ. 'ನಮಗ್ಯಾಕೆ ಇದೆಲ್ಲ' ಎಂದವರೇ ನಾಲ್ಕು ದಿನದಲ್ಲಿ ಬಿಡದೆ ಹಿಡಿದುಕೊಳ್ಳುತ್ತಾರೆ. ಅಷ್ಟರಲ್ಲಿ ಸುದ್ದಿ: ಹತ್ತುವವರಿಲ್ಲ, ನಷ್ಟ, ಆದ್ದರಿಂದ ಈ ಹಳ್ಳಿಯ ಬಸ್ಸು ನಿಲ್ಲುತ್ತದೆ. ಬಸ್ಸಿಲ್ಲದಿದ್ದರೆ ಆಸ್ಪತ್ರೆಗೆ ಹೇಗೆ, ಅಂಗಡಿಗೆ ಹೇಗೆ? ಮುದುಕರು ಸಭೆ ಸೇರುತ್ತಾರೆ. ಸೇರಿ ಏನು ಮಾಡುತ್ತಾರೆ ಅಂದುಕೊಂಡಿರಿ? ಸ್ವಾತಂತ್ರ್ಯ ಘೋಷಿಸಿಬಿಡುತ್ತಾರೆ! ನಮ್ಮದು ಈಗ ಬೇರೆ ರಾಜ್ಯ ಎಂದು ಇಂಟರ್ನೆಟ್ಟಿನಲ್ಲಿ ಲೋಕಕ್ಕೆಲ್ಲ ಸಾರುತ್ತಾರೆ. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು.

ನಗು ನಿಂತದ್ದು ಆಮೇಲೆ. ಆ ಮುದುಕರು ಕೇಳುತ್ತಿದ್ದದ್ದು ಬಹಳ ಸಣ್ಣದು. ನಮ್ಮನ್ನು ಕೆಳಗಿನ ಪೇಟೆಗೆ ಎತ್ತಿಕೊಂಡು ಹೋಗಿ ಎಂದಲ್ಲ, ಊರು ತುಂಬ ಜನ ತಂದು ತುಂಬಿ ಎಂದೂ ಅಲ್ಲ. ನಾವು ಇಲ್ಲಿ ಇರುವಷ್ಟು ದಿನ ಇರಲು ಬಿಡಿ, ಅಷ್ಟೇ. ಕೊನೆಗೆ ಒಂದು ದಾರಿ ಸಿಗುತ್ತದೆ: ವೇಳಾಪಟ್ಟಿಯ ಖಾಲಿ ಬಸ್ಸಿನ ಬದಲು, ಬೇಕಾದವರು ಮೊದಲೇ ತಿಳಿಸಿದರೆ ಬರುವ ಬಸ್ಸು. ಅದಕ್ಕೆ ಅವರು ಕಲಿತ ಇಂಟರ್ನೆಟ್ಟೇ ಸಾಧನ. ಇಂಥ ಬಸ್ಸುಗಳು ಇಂದು ಜಪಾನಿನ ಅನೇಕ ಹಳ್ಳಿಗಾಡುಗಳಲ್ಲಿ ನಿಜವಾಗಿ ಓಡುತ್ತಿವೆ. ಬಸ್ಸು ಬರುವ ಹೊತ್ತಿಗೆ ಪ್ರೊಫೆಸರು ಇರುವುದಿಲ್ಲ. ಅವರ ಸಾವನ್ನು ಎಷ್ಟು ಮೆಲ್ಲಗೆ ತೋರಿಸಿದ್ದಾರೆಂದರೆ, ಮೊಮ್ಮಗಳು ಹೇಳುವ ಮೊದಲೇ ನನಗೆ ಗೊತ್ತಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಊರಲ್ಲಿ ನಮ್ಮ ಅಕ್ಕ ಒಬ್ಬಳೇ ಇದ್ದಾಳೆ. ಎಪ್ಪತ್ತೆಂಟು ವರ್ಷ. ಭಾವ ಹೋದ ಮೇಲೆ ಹತ್ತು ವರ್ಷದಿಂದ ನಾನು ಫೋನು ಮಾಡಿದಾಗಲೆಲ್ಲ ಹೇಳುವುದು ಒಂದೇ ಮಾತು: ಮನೆಗೆ ಬೀಗ ಹಾಕಿ ಬಾ, ಬೆಂಗಳೂರಲ್ಲಿ ನಮ್ಮ ಜೊತೆ ಇರು. ಅವಳು ಹೇಳುವುದೂ ಒಂದೇ ಮಾತು: ನೋಡೋಣ. ಬೆಳಗ್ಗೆ ಎದ್ದವನೇ ಫೋನು ಮಾಡಿದೆ.

"ಅಕ್ಕ, ಅಲ್ಲಿ ನಿನಗೆ ಏನು ಬೇಕು ಹೇಳು."

"ಏನು ಬೇಕು ಅಂದ್ರೆ? ತಿಂಡಿ ಆಯ್ತಲ್ಲ."

"ತಿಂಡಿ ಅಲ್ಲಕ್ಕ. ಅಲ್ಲೇ ಇರೋದಕ್ಕೆ ನಿನಗೆ ಏನಾದರೂ ಬೇಕಾ ಅಂತ."

ಸ್ವಲ್ಪ ಹೊತ್ತು ಮಾತಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ. ಆಮೇಲೆ ಹೇಳಿದಳು. "ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಅಂದ್ರೆ ಬೆಳಗ್ಗೆ ಏಳರ ಬಸ್ಸಿಗೆ ಹೋಗ್ಬೇಕು ಕಣೋ. ಅದು ಏಳಕ್ಕೂ ಬರುತ್ತೆ, ಎಂಟಕ್ಕೂ ಬರುತ್ತೆ. ಅಲ್ಲೀವರೆಗೂ ನಿಂತೇ ಇರ್ಬೇಕು. ಮಂಡಿ ನೋವು. ಒಂದು ಕಲ್ಲುಬೆಂಚು ಇದ್ದಿದ್ರೆ ಸಾಕಾಗಿತ್ತು." ಮತ್ತೆ ಸ್ವಲ್ಪ ತಡೆದು, "ಹತ್ತು ವರ್ಷದಿಂದ ಬಾ ಬಾ ಅಂತೀಯ. ಇದನ್ನ ಒಂದು ದಿನ ಕೇಳಿರಲಿಲ್ಲ" ಎಂದಳು.

ನಾನು ಏನು ಹೇಳಲಿ? ತಿಂಡಿ ಏನು ಮಾಡಿದ್ದೆ ಎಂದು ಕೇಳಿದೆ. ಉಪ್ಪಿಟ್ಟಂತೆ.

ಧಾರಾವಾಹಿ ಅಲ್ಲಿಗೆ ಮುಗಿಯಲಿಲ್ಲ. ಬಾಗಿಲು ಹಾಕಿದ ಅಂಗಡಿ ಬೀದಿಯ ಕಥೆ ಬರುತ್ತದೆ. ಅಂಗಡಿಯ ಹಿಂದೆಯೋ ಮೇಲೆಯೋ ಮಾಲೀಕರು ವಾಸವಾಗಿದ್ದಾರೆ, ಜೀವನಕ್ಕೆ ತೊಂದರೆಯಿಲ್ಲ, ಬಾಡಿಗೆಗೆ ಕೊಡಲು ಮನಸ್ಸಿಲ್ಲ. ಬೀದಿ ಸಾಯುತ್ತಿದ್ದರೂ ಅವರ ಪಾಲಿಗೆ ಏನೂ ಕೆಟ್ಟಿಲ್ಲ. ಎರಿಕಾ ಎಂಬ ಶಾಲೆಯ ಹುಡುಗಿ 'ಇಲ್ಲಿ ಏನೂ ಇಲ್ಲ' ಎಂದು ಟೋಕಿಯೊಗೆ ಓಡಿಹೋಗಲು ನೋಡಿದಾಗ ದೊಡ್ಡವರಿಗೆ ಸ್ವಲ್ಪ ಬಿಸಿ ತಟ್ಟುತ್ತದೆ. ಎರಿಕಾಳ ಪರವಾಗಿ ನಮ್ಮ ಮೊಮ್ಮಗಳು ಬಹಳ ಹೊತ್ತು ವಾದ ಮಾಡಿದಳು. ಆ ವಾದದಲ್ಲಿ ನಾನು ಗೆಲ್ಲಲಿಲ್ಲ. ನಾನೂ ಹದಿನೆಂಟಕ್ಕೇ ಊರು ಬಿಟ್ಟವನು.

ಈ ಚಿತ್ರ ಮಾಡಿದವರ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಜಪಾನಿನ ಅನಿಮೆ ಕಂಪನಿಗಳು ಹೆಚ್ಚಿನವು ಟೋಕಿಯೊ ಸುತ್ತಮುತ್ತ ಇವೆ. ಇದನ್ನು ಮಾಡಿದ ಪಿ.ಎ. ವರ್ಕ್ಸ್ ಮಾತ್ರ 2000ದಲ್ಲಿ ತೊಯಾಮ ಪ್ರಾಂತ್ಯದ ಜೊಹಾನ ಎಂಬ ಬೆಟ್ಟದ ತಪ್ಪಲಿನ ಸಣ್ಣ ಪಟ್ಟಣದಲ್ಲಿ ಶುರುವಾಯಿತು. 2004ರಲ್ಲಿ ನಾಲ್ಕು ಪಟ್ಟಣ, ನಾಲ್ಕು ಹಳ್ಳಿ ಸೇರಿ ನಾಂತೊ ಎಂಬ ಒಂದೇ ನಗರಾಡಳಿತವಾಯಿತು, ಜೊಹಾನ ಅದರೊಳಗೆ ಸೇರಿತು. ಎಂಟೂ ಸೇರಿದರೂ 2015ರಲ್ಲಿ ಇದ್ದವರು ಸುಮಾರು 51 ಸಾವಿರ. ಮನೋಯಾಮಕ್ಕೆ ಮಾದರಿ ಇದೇ ಊರು. ಧಾರಾವಾಹಿಯಲ್ಲಿ ಮರಗೆತ್ತನೆಯ ಕುಶಲಕರ್ಮಿಗಳು ಬರುತ್ತಾರಲ್ಲ, ಅವರ ಹಿಂದೆ ನಾಂತೊದ ಇನಾಮಿ ಎಂಬ ಭಾಗವಿದೆ. ಮರದ ಕೆತ್ತನೆಗೆ ಜಪಾನಿನಲ್ಲೇ ಹೆಸರಾದ ಜಾಗ ಅದು. ಅಂದರೆ ಬರೆದವರಿಗೆ, ಬಿಡಿಸಿದವರಿಗೆ ಇದು ದೂರದಿಂದ ನೋಡಿದ ಹಳ್ಳಿಯಲ್ಲ, ತಮ್ಮ ಕಿಟಕಿಯ ಹೊರಗಿನದು.

ಇದೇ ಕಂಪನಿ 2011ರಲ್ಲಿ 'ಹನಸಾಕು ಇರೊಹ' ಎಂಬ ಇನ್ನೊಂದು ಧಾರಾವಾಹಿ ಮಾಡಿತ್ತು. ಬಿಸಿನೀರಿನ ಬುಗ್ಗೆಯ ಊರೊಂದರಲ್ಲಿ ಅಜ್ಜಿ ನಡೆಸುವ ವಸತಿಗೃಹದಲ್ಲಿ ಮೊಮ್ಮಗಳು ಕೆಲಸ ಕಲಿಯುವ ಕಥೆ. ಕನಝಾವ ನಗರದ ಯುವಾಕು ಎಂಬ ನಿಜವಾದ ಬುಗ್ಗೆಯೂರು ಅದಕ್ಕೆ ಮಾದರಿ. ಕಥೆಯಲ್ಲಿ ದೀಪಗಳ ಒಂದು ಹಬ್ಬ ಬರುತ್ತದೆ: ಕಾಗದದ ದೀಪಗಳ ಕೆಳಗೆ ಹರಕೆಯ ಹಲಗೆಗಳನ್ನು ತೂಗುಹಾಕಿ, ಕೊನೆಗೆ ಅವನ್ನು ಬೆಂಕಿಗೆ ಒಪ್ಪಿಸುತ್ತಾರೆ. ಆ ಹಬ್ಬ ಪೂರ್ತಿ ಕಲ್ಪನೆ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಯುವಾಕುವಿನ ಜನ ಅದನ್ನು ನಿಜವಾಗಿ ಮಾಡಿದರು! ಮತ್ತೆ ಮುಂದಿನ ವರ್ಷಗಳಲ್ಲೂ ಮಾಡಿದರು. ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ಚಿತ್ರದಲ್ಲಿ ಬಿಡಿಸಿದ ಹಬ್ಬ ನೆಲಕ್ಕಿಳಿದದ್ದು ಕೇಳಿ ನಮ್ಮ ಮೊಮ್ಮಗಳು, "ಹಾಗಾದ್ರೆ ನಾವೂ ಒಂದು ಹಬ್ಬ ಬರೆಯೋಣ ತಾತ" ಎಂದಳು. ತಿಂಡಿ ಏನು ಎನ್ನುವುದರಿಂದ ಶುರುಮಾಡಿ ಅಲ್ಲೇ ನಿಂತಿದ್ದೇವೆ.

ಮನೋಯಾಮದಲ್ಲೂ ಕೊನೆಗೆ ಒಂದು ಹಬ್ಬ ಆಗುತ್ತದೆ, ಐವತ್ತು ವರ್ಷ ನಿಂತುಹೋಗಿದ್ದ ಡ್ರ್ಯಾಗನ್ ಕಥೆಯ ಹಬ್ಬ. ಮಾತೇ ಆಡದ ರಿರಿಕೊ ಊರೆದುರು ನಿಂತು ಹಾಡುತ್ತಾಳೆ. ಟಿ.ವಿ.ಯವರ ಭರಾಟೆ ಬೇಡ ಎಂದು ಊರಿನವರೇ ನಡೆಸುವ ಹಬ್ಬ. ಜನ ಹಾಡುಗಾರರ ದಿನದಷ್ಟು ಇರುವುದಿಲ್ಲ. ಊರು ಚಿನ್ನವಾಯಿತು, ಎಲ್ಲರೂ ವಾಪಸು ಬಂದರು ಎಂದು ಎಲ್ಲೂ ತೋರಿಸುವುದಿಲ್ಲ. ವರ್ಷ ಮುಗಿಯುತ್ತದೆ, ಎಲ್ಲರಿಗೂ ಬೇಕಾಗಿದ್ದ ಯೋಶಿನೊ ಕಿರೀಟ ಬಿಟ್ಟು ಹೊರಡುತ್ತಾಳೆ.

"ಇದೇನು, ಇಷ್ಟೆಲ್ಲ ಮಾಡಿ ಬಿಟ್ಟುಹೋಗ್ತಾಳಾ!" ನನ್ನ ಹೆಂಡತಿಗೆ ಕೋಪವೇ ಬಂತು.

"ಅವಳಿಲ್ಲದೆ ಅವರು ಮಾಡ್ಕೋಬೇಕಲ್ಲ ಅಜ್ಜಿ" ಎಂದಳು ಮೊಮ್ಮಗಳು.

ಮಾರನೆಯ ವಾರ ನಾವು ಊರಿಗೆ ಹೋದೆವು. ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ. ಕೈಬರಹ ಮೊಮ್ಮಗಳದು, ಮೊದಲ ಸಹಿ ಅಕ್ಕನದು. ಕೆಳಗೆ ಬೀದಿಯ ಹನ್ನೊಂದು ಜನರ ಸಹಿ, ಎರಡು ಹೆಬ್ಬೆಟ್ಟು. ಬರೆದು ಮುಗಿಸಿ ಮಡಚುವಾಗ ಅಕ್ಕ ತಡೆದಳು.

"ಎಲ್ಲಿ ಹಾಕಬೇಕು ಅಂತ ಬರೆದ್ಯಾ ಪುಟ್ಟಿ?"

"ಬಸ್ ನಿಲ್ದಾಣದಲ್ಲಿ ಅಂತ ಬರೆದಿದ್ದೀನಿ ದೊಡ್ಡಜ್ಜಿ."

"ಹಾಗಂದ್ರೆ ಬಿಸಿಲಲ್ಲಿ ಹಾಕಿಬಿಡ್ತಾರೆ. ಹೊಂಗೆ ಮರದ ಕೆಳಗೆ ಅಂತ ಬರಿ."